ಚೀ ಅಂದರೆ ನಮ್ಮ ಪ್ರಾಣ ಅಲ್ಲ ಕಣ್ರೀ

ಸಿಂಗಪುರದಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದ ಕಡೆ ಚೀನೀ ವೈದ್ಯದ ಮಾತು ಬಂದರೆ ತೀರ್ಪು ಬರುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. "ಅವರು ಮೈಯೊಳಗೆ ಓಡೋ ಶಕ್ತೀನ ಚೀ ಅಂತಾರಲ್ಲ, ಅದು ನಮ್ಮ ಪ್ರಾಣಾನೇ ಕಣ್ರೀ. ಬೌದ್ಧ ಭಿಕ್ಷುಗಳು ನಮ್ಮಿಂದ ಹೊತ್ಕೊಂಡು ಹೋಗಿದ್ದು." ಎಲ್ಲರೂ ಹೌದು ಹೌದು ಅಂತ ತಲೆ ಆಡಿಸುತ್ತಾರೆ. ಬಿಸಿಬೇಳೆಬಾತಿಗೆ ಇನ್ನೊಂದು ಚಮಚ ತುಪ್ಪ ಬೀಳುತ್ತದೆ. ವಿಷಯ ಮುಗಿಯಿತು.

ನನಗೆ ಇದು ಒಪ್ಪಿಗೆಯಿಲ್ಲ. ಮೊದಲು ಕಾಲವೇ ಹೊಂದುವುದಿಲ್ಲ. ಬೌದ್ಧ ಧರ್ಮ ಚೀನಾ ಮುಟ್ಟಿದ್ದು ಸುಮಾರು ಕ್ರಿಸ್ತಶಕ 1ನೇ ಶತಮಾನದಲ್ಲಿ. ಅದಕ್ಕೆ ಮುನ್ನೂರು ನಾನೂರು ವರ್ಷ ಮೊದಲೇ ಚೀನೀ ತತ್ವಜ್ಞಾನಿ ಮೆನ್ಸಿಯಸ್ ತನ್ನ ಚೀಯನ್ನು ಹೇಗೆ ಬೆಳೆಸಿಕೊಳ್ಳುತ್ತೇನೆ ಅಂತ ಮಾತಾಡಿದ್ದಾನೆ. ಚೀನೀ ವೈದ್ಯದ ಮೂಲ ಗ್ರಂಥ 'ಹುವಾಂಗ್‌ದಿ ನೇಜಿಂಗ್'ನ ಹೆಚ್ಚಿನ ಭಾಗ ರೂಪುಗೊಂಡದ್ದು ಕ್ರಿಸ್ತಪೂರ್ವ 2ನೇ, 1ನೇ ಶತಮಾನದ ಹೊತ್ತಿಗೆ ಅನ್ನುತ್ತಾರೆ. ಭಿಕ್ಷುಗಳು ಬರುವಾಗ ಚೀ ಆಗಲೇ ಅಲ್ಲಿ ಮನೆಮಾತಾಗಿತ್ತು.

ಅದಕ್ಕಿಂತ ದೊಡ್ಡ ತಕರಾರು ಬೇರೆ. "ಎಲ್ಲಾ ಒಂದೇ" ಅಂದುಬಿಟ್ಟರೆ ನೋಡುವ ಕೆಲಸವೇ ತಪ್ಪಿಹೋಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಚೀ ಎಷ್ಟು ಬೇರೆ ಅನ್ನುವುದರ ಜೊತೆಗೆ ನಮ್ಮ ಮನೆಯ ಲೆಕ್ಕಾಚಾರವೂ ಬಯಲಿಗೆ ಬರುತ್ತದೆ. ಮಂಡ್ಯ ಕಡೆ ಬೆಳೆದ ನನಗೆ ಅದು ಕಂಡಿದ್ದು ಇಲ್ಲಿಗೆ ಬಂದ ಮೇಲೆಯೇ.

ಇಲ್ಲಿ ಚೀಯಿಂದ ತಪ್ಪಿಸಿಕೊಂಡು ಬದುಕುವುದು ಕಷ್ಟ. ಆಫೀಸಲ್ಲಿ ಯಾರಿಗಾದರೂ ಗಂಟಲು ನೋವು ಬಂದರೆ ಪಕ್ಕದ ಸೀಟಿನವರು ಕೇಳುವುದು "ನಿನ್ನೆ ಡ್ಯೂರಿಯನ್ ತಿಂದ್ಯಾ?" ಅಂತ. ಡ್ಯೂರಿಯನ್ ಹಣ್ಣು ಉಷ್ಣ, ಅದರ ಮೇಲೆ ಮ್ಯಾಂಗೊಸ್ಟೀನ್ ತಿಂದರೆ ತಂಪು. ರಸ್ತೆ ಬದಿಯ ಅಂಗಡಿಯಲ್ಲಿ ಸೇವಂತಿಗೆ ಹೂವಿನ ಟೀ, ಲೋಹಾನ್ ಕಾಯಿಯ ಕಷಾಯ ಲೋಟದ ಲೆಕ್ಕದಲ್ಲಿ ಸಿಗುತ್ತವೆ. ಮಾಲ್ ಒಳಗಿನ ಔಷಧಿ ಅಂಗಡಿಯಲ್ಲಿ ಗಾಜಿನ ಡಬ್ಬಿಗಳಲ್ಲಿ ಜಿನ್ಸೆಂಗ್ ಬೇರು, ಒಣ ಕಿತ್ತಳೆ ಸಿಪ್ಪೆ, ಕೆಂಪು ಖರ್ಜೂರದಂಥ ಹಣ್ಣು. ಹೀಗೆ ಮಾರುವ ಒಂದು ಹೆಸರಾಂತ ಕಂಪನಿ 1879ರಲ್ಲಿ ಮಲೇಷ್ಯಾದ ಪೆರಾಕ್ ಸೀಮೆಯ ಗೋಪೆಂಗ್ ಎಂಬ ಊರಲ್ಲಿ, ತವರದ ಗಣಿಗೆ ಬಂದ ಚೀನೀ ಕೂಲಿಗಳಿಗೆ ಔಷಧಿ ಕೊಡುತ್ತಾ ಶುರುವಾಯಿತು. ಅದಕ್ಕೂ ಮುಂಚೆ, 1867ರಲ್ಲಿ, ಸಿಂಗಪುರದಲ್ಲೇ ಥಾಂಗ್ ಚಾಯ್ ಅನ್ನುವ ಧರ್ಮಾಸ್ಪತ್ರೆ ಹುಟ್ಟಿತು. ಜಾತಿ ಮತ ಕೇಳದೆ ಬಡವರಿಗೆ ಬಿಟ್ಟಿ ಔಷಧಿ ಕೊಟ್ಟ ಜಾಗ ಅದು. ಈಗಲೂ ನಡೆಯುತ್ತಿದೆ.

ಇಲ್ಲಿ ಚೀನೀ ವೈದ್ಯರನ್ನು ಸಿನ್‌ಸೆ ಅನ್ನುತ್ತಾರೆ. ನಮ್ಮೂರಲ್ಲಿ ಪಂಡಿತರು ಅನ್ನುತ್ತಿದ್ದೆವಲ್ಲ, ಹಾಗೆ.

ಸರಿ, ಈ ಚೀ ಅಂದರೆ ಏನು? ಅವರ ಪುಸ್ತಕದ ಪ್ರಕಾರ ಅದು ಮೂರು ಕಡೆಯಿಂದ ಬರುತ್ತದೆ. ಒಂದಿಷ್ಟು ಅಪ್ಪ ಅಮ್ಮನಿಂದ ಹುಟ್ಟುವಾಗಲೇ ಬಂದದ್ದು. ಅದಕ್ಕೆ ಯುವಾನ್ ಚೀ ಅಂತ ಹೆಸರು. ಮೂತ್ರಪಿಂಡದಲ್ಲಿ ಇರುತ್ತದೆ, ಖರ್ಚಾಗುತ್ತಾ ಹೋಗುತ್ತದೆ. ಇನ್ನೊಂದು ತಿಂದ ಅನ್ನದಿಂದ ಬರುವ ಗು ಚೀ. ಮೂರನೆಯದು ಉಸಿರಾಡುವ ಗಾಳಿಯಿಂದ. ಅನ್ನದ್ದೂ ಗಾಳಿಯದ್ದೂ ಎದೆಯಲ್ಲಿ ಸೇರುತ್ತವೆ. ಅಲ್ಲಿಂದ ಒಂದು ಭಾಗ ನಾಳಗಳ ಒಳಗೆ ರಕ್ತದ ಜೊತೆ ಓಡುತ್ತಾ ಮೈಗೆ ಪೋಷಣೆ ಕೊಡುತ್ತದೆ. ಇನ್ನೊಂದು ಭಾಗ ನಾಳಗಳ ಹೊರಗೆ, ಚರ್ಮದ ಕೆಳಗೆ ಓಡಾಡುತ್ತಾ ಕಾವಲು ಕಾಯುತ್ತದೆ. ಈ ಕಾವಲಿನ ಚೀಗೆ ವೇ ಚೀ ಅಂತ ಹೆಸರು. ಮೈ ಬೆಚ್ಚಗಿಡುವುದು, ಬೆವರಿನ ರಂಧ್ರ ತೆಗೆಯುವುದು, ಮುಚ್ಚುವುದು ಎಲ್ಲಾ ಅದರ ಕೆಲಸ. ಹಗಲು 25 ಸುತ್ತು ಮೈ ಹೊರಗೆ, ರಾತ್ರಿ 25 ಸುತ್ತು ಅಂಗಾಂಗಗಳ ಒಳಗೆ ತಿರುಗುತ್ತದೆ ಅಂತ ನೇಜಿಂಗ್ ಲೆಕ್ಕ ಕೊಡುತ್ತದೆ. ಅದು ಒಳಗೆ ಹೋದಾಗ ನಮಗೆ ನಿದ್ದೆ. ಕಾವಲಿನವರು ಒಳಗೆ ಹೋದ ಹೊತ್ತಲ್ಲಿ ಹೊರಗಿನ ಗಾಳಿ ನುಗ್ಗುವುದು ಸುಲಭ. ಅದಕ್ಕೇ ಇಲ್ಲಿನ ಅಜ್ಜಿಯರೂ ನಮ್ಮ ಅಜ್ಜಿಯರ ಹಾಗೇ ಒದ್ದೆ ತಲೆಯಲ್ಲಿ ಮಲಗಬೇಡ ಅಂತ ಬಯ್ಯುತ್ತಾರೆ.

ಚೀ ಓಡುವ ದಾರಿಗಳು ಮುಖ್ಯವಾಗಿ 12. ಬೆನ್ನಿನ ನಡುವೆ ಒಂದು, ಹೊಟ್ಟೆಯ ನಡುವೆ ಒಂದು ಸೇರಿಸಿದರೆ 14. ಈ ದಾರಿಗಳ ಮೇಲೆ ಸೂಜಿ ಚುಚ್ಚಲು (ಅಕ್ಯುಪಂಕ್ಚರ್) ಈಗ ಎಲ್ಲರೂ ಒಪ್ಪಿದ ಬಿಂದುಗಳು 361. ನನಗೆ ಇಷ್ಟವಾಗುವುದು ಆ ಬಿಂದುಗಳ ಹೆಸರುಗಳು. ಅಂಗಾಲಿನ ಬಿಂದು 'ಉಕ್ಕುವ ಬುಗ್ಗೆ', ಮೊಣಕೈಯದು 'ಬಾಗಿದ ಕೊಳ', ಹೊಕ್ಕುಳ ಕೆಳಗಿನದು 'ಚೀಯ ಸಮುದ್ರ'. ಬೆರಳ ತುದಿಯಿಂದ ಮೊಣಕೈವರೆಗೆ ಬರುವ ಐದು ಬಗೆಯ ಬಿಂದುಗಳನ್ನು ಬಾವಿ, ಒರತೆ, ತೊರೆ, ನದಿ, ಸಮುದ್ರ ಅಂತಲೇ ಕರೆಯುತ್ತಾರೆ. ನೇಜಿಂಗ್‌ನಲ್ಲಿ ಒಂದು ಅಧ್ಯಾಯ 12 ದಾರಿಗಳನ್ನು ಚೀನಾದ 12 ನದಿಗಳಿಗೆ ಜೋಡಿಸುತ್ತದೆ. ಪ್ರವಾಹ ಕಟ್ಟಿಹಾಕಿ, ಕಾಲುವೆ ತೋಡಿ ಬದುಕಿದ ಜನ ಮೈಯನ್ನೂ ನೀರಾವರಿಯ ಕಣ್ಣಲ್ಲೇ ನೋಡಿದ್ದಾರೆ. ವಿಶ್ವೇಶ್ವರಯ್ಯ ನಾಲೆಯ ನೀರು ಕುಡಿದು ಬೆಳೆದವನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಸಿನ್‌ಸೆ ಅಂದರೆ ಮೈಯ ನೀರುಗಂಟಿ. ಯಾವ ತೂಬು ಕಟ್ಟಿಕೊಂಡಿದೆ, ಯಾವ ಗದ್ದೆಗೆ ನೀರು ಹತ್ತಿಲ್ಲ, ಎಲ್ಲಿ ಬದು ಒಡೆದು ಸೋರುತ್ತಿದೆ ಅಂತ ನೋಡುವುದೇ ಅವನ ಕೆಲಸ.

ಹಾಗಾಗಿ ಅವರ ಕಾಯಿಲೆಗಳೂ ಅದೇ ಭಾಷೆಯಲ್ಲಿವೆ. ಚೀ ಕಮ್ಮಿಯಾಗಿದೆ ಅಂದರೆ ಸುಸ್ತು, ದನಿ ಕುಗ್ಗುವುದು, ಸುಮ್ಮನೆ ಕೂತರೂ ಬೆವರುವುದು. ಚೀ ನಿಂತುಬಿಟ್ಟಿದೆ ಅಂದರೆ ಪಕ್ಕೆಯಲ್ಲಿ ಬಿಗಿತ, ಹೊಟ್ಟೆ ಉಬ್ಬರ, ನಿಟ್ಟುಸಿರು, ಸಿಡಿಮಿಡಿ. ಚೀ ಉಲ್ಟಾ ಹೊಡೆದಿದೆ ಅಂದರೆ ಕೆಮ್ಮು, ಬಿಕ್ಕಳಿಕೆ, ವಾಂತಿ. ಕೆಳಗೆ ಜಾರಿದೆ ಅಂದರೆ ಗರ್ಭಕೋಶ ಜಾರುವಂಥ ತೊಂದರೆಗಳು. ಈ ಜಾರುವಿಕೆಗೆ ಮದ್ದು ಕಟ್ಟಿದವನು 13ನೇ ಶತಮಾನದ ಲಿ ದೊಂಗ್ಯುವಾನ್. ಅವನು ಇಡೀ ವೈದ್ಯವನ್ನು ಹೊಟ್ಟೆಯ ಮೇಲೆ ನಿಲ್ಲಿಸಿದವನು. ಯುದ್ಧ, ಬರಗಾಲದ ನಡುವೆ ಹಸಿದು, ಹೆದರಿ, ದಣಿದು ಸಾಯುವವರನ್ನು ನೋಡಿ ಅವನಿಗೆ ಆ ವಿಚಾರ ಬಂತಂತೆ.

ನಾನು ಒಮ್ಮೆ ಸಿನ್‌ಸೆ ಹತ್ತಿರ ಹೋಗಿದ್ದು ದೊಡ್ಡ ಕಾಯಿಲೆಗಲ್ಲ. ಊಟ ಆದ ಮೇಲೆ ಹೊಟ್ಟೆ ಕಲ್ಲಿನ ಹಾಗೆ ಆಗುತ್ತಿತ್ತು, ಮಧ್ಯಾಹ್ನಕ್ಕೆ ಕಣ್ಣು ಎಳೆಯುತ್ತಿತ್ತು. ರಕ್ತ ಪರೀಕ್ಷೆ ಎಲ್ಲಾ ಸರಿಯಾಗೇ ಇತ್ತು. ಪಕ್ಕದ ಮನೆಯ ಚೀನೀ ಆಂಟಿ "ಒಂದ್ಸಲ ಹೋಗಿ ಬಾ" ಅಂದರು. ಆತ ಮೇಜಿನ ಮೇಲೊಂದು ಪುಟ್ಟ ದಿಂಬು ಇಟ್ಟು ಅದರ ಮೇಲೆ ನನ್ನ ಮಣಿಕಟ್ಟು ಇಡಿಸಿದರು. ಮೂರು ಬೆರಳು. ಮೊದಲು ಹಗುರವಾಗಿ, ಆಮೇಲೆ ಒತ್ತಿ, ಆಮೇಲೆ ಒಂದೊಂದೇ ಬೆರಳು. ಆಮೇಲೆ ಇನ್ನೊಂದು ಕೈ. ನಾಲಿಗೆ ತೋರಿಸು ಅಂದರು. ತಣ್ಣೀರು ಕುಡಿಯುತ್ತೀಯಾ, ಮಲ ಗಟ್ಟಿಯೋ ಅಂಟೋ, ಬೆವರು ಎಲ್ಲಿ ಜಾಸ್ತಿ, ಕನಸು ಬೀಳುತ್ತಾ, ತುಂಬಾ ಯೋಚನೆ ಮಾಡುತ್ತೀಯಾ ಅಂತ ಕೇಳಿದರು. ಕೊನೆಯ ಪ್ರಶ್ನೆಗೆ ನಾನು ನಕ್ಕೆ. ಆತ ನಗಲಿಲ್ಲ. ಜಾಸ್ತಿ ಯೋಚಿಸಿದರೆ ಚೀ ಗಂಟು ಕಟ್ಟುತ್ತದೆ, ಗುಲ್ಮ, ಅಂದರೆ ಸ್ಪ್ಲೀನ್, ಸೊರಗುತ್ತದೆ, ಅವರ ಲೆಕ್ಕದಲ್ಲಿ ಅನ್ನವನ್ನು ಚೀ ಮಾಡುವುದೇ ಗುಲ್ಮ. ನಾಲಿಗೆಯ ಅಂಚಲ್ಲಿ ಹಲ್ಲಿನ ಗುರುತು ಇದೆ, ಮೇಲೆ ದಪ್ಪ ಬಿಳಿ ಲೇಪ ಇದೆ, ಒಳಗೆ ತೇವ ಕೂತಿದೆ ಅಂದರು.

ನಾಡಿ ನೋಡುವುದು ನಮ್ಮಲ್ಲೂ ಇದೆ, ಅದೇ ಮೂರು ಬೆರಳು. ಆದರೆ ಚರಕ, ಸುಶ್ರುತರಲ್ಲಿ ನಾಡಿ ಪರೀಕ್ಷೆ ಇಲ್ಲ. ಅದು ಕಾಣಿಸಿಕೊಳ್ಳುವುದು ಬಹಳ ಈಚೆಗೆ, ಶಾರ್ಙ್ಗಧರ ಸಂಹಿತೆಯಲ್ಲಿ. ಚೀನಾದಲ್ಲಿ 3ನೇ ಶತಮಾನಕ್ಕಾಗಲೇ ವಾಂಗ್ ಶುಹೆ ನಾಡಿಗೆಂದೇ ಒಂದು ಪುಸ್ತಕ ಬರೆದಿಟ್ಟಿದ್ದ. ಯಾರು ಯಾರಿಂದ ಹೊತ್ತುಕೊಂಡು ಹೋದರು ಅಂತ ಕೇಳುವವರು ಈ ಕಡೆಗೂ ಸ್ವಲ್ಪ ನೋಡಬೇಕು. ನೋಡುವ ರೀತಿಯೂ ಬೇರೆ. ನಮ್ಮವರು ಬೆರಳ ಕೆಳಗೆ ನಡಿಗೆ ಹುಡುಕುತ್ತಾರೆ: ವಾತದ ನಾಡಿ ಹಾವಿನ ಹಾಗೆ, ಪಿತ್ತದ್ದು ಕಪ್ಪೆಯ ಹಾಗೆ, ಕಫದ್ದು ಹಂಸದ ಹಾಗೆ. ಅವರು ಸ್ಪರ್ಶ ಹುಡುಕುತ್ತಾರೆ: ತೇಲುವುದು, ಮುಳುಗುವುದು, ಬಿಲ್ಲಿನ ಹೆದೆಯಂತೆ ಬಿಗಿದದ್ದು, ಮುತ್ತು ಉರುಳಿದ ಹಾಗೆ ಜಾರುವುದು.

ಆತ ಬರೆದುಕೊಟ್ಟ ಪುಡಿ ಚೀನಾದ ಸಾಂಗ್ ರಾಜವಂಶದ ಕಾಲದಿಂದ ಬಳಕೆಯಲ್ಲಿರುವ ಒಂದು ಔಷಧಿ ಮಿಶ್ರಣ. ಷೆನ್ ಲಿಂಗ್ ಬೈಜು ಸಾನ್ ಅಂತ ಹೆಸರು. ಏನೇನಿದೆ ಅಂತ ಮನೆಗೆ ಬಂದು ನೋಡಿದೆ. ಜಿನ್ಸೆಂಗ್, ತಾವರೆ ಬೀಜ, ಒಂದು ಬಗೆಯ ಕಾಡುಗೆಣಸು, ಏಲಕ್ಕಿಯ ದಾಯಾದಿ ಒಂದು, ಜ್ಯೇಷ್ಠಮಧು. ಜೊತೆಗೆ ಬೈ ಬಿಯಾನ್ ದೋ. ಅದೇನು ಅಂತ ಹುಡುಕಿದರೆ, ಅವರೆಕಾಳು! ನಮ್ಮ ಸಂಕ್ರಾಂತಿ ಹೊತ್ತಿನ, ಸೊಗಡಿನ, ಹಿತಕಿದ ಬೇಳೆಯ ಅವರೆಯದೇ ಬಿಳಿ ಬೀಜದ ತಳಿ. ಅವರು ಹುರಿದು ಬಳಸುತ್ತಾರೆ. ಹೊಟ್ಟೆಯ ಚೀ ಹೆಚ್ಚಿಸುತ್ತದೆ, ಒಳಗಿನ ತೇವ ತೆಗೆಯುತ್ತದೆ, ಉಬ್ಬರ ಇಳಿಸುತ್ತದೆ ಅನ್ನುವುದು ಅವರ ನಂಬಿಕೆ.

ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಅಯ್ಯೋ, ಹೊಟ್ಟೆ ಉಬ್ಬರಕ್ಕೆ ಅವರೆಕಾಳಾ? ಅದು ಮೊದಲೇ ವಾಯು ಕಣಪ್ಪ! ಯಾವ ಡಾಕ್ಟ್ರು ನಿಂಗೆ ಹೇಳಿದ್ದು?" ಅಂದರು. ನಮ್ಮ ಮನೆಯಲ್ಲಿ ಅವರೆಕಾಳು ಸಾರಿಗೆ ಬೆಳ್ಳುಳ್ಳಿ, ಶುಂಠಿ ಜಾಸ್ತಿ ಬೀಳುವುದೇ ವಾಯುವಿನ ಭಯಕ್ಕೆ. ವಯಸ್ಸಾದವರು ಎರಡು ಸೌಟು ಜಾಸ್ತಿ ಬಡಿಸಿಕೊಂಡರೆ ಮಂಡಿ ಹಿಡಿಯುತ್ತೆ ಅಂತ ಎಚ್ಚರಿಕೆ ಬೇರೆ. ಅದೇ ಕಾಳು, ಅದೇ ಹೊಟ್ಟೆ, ತೀರ್ಪು ಮಾತ್ರ ತಲೆಕೆಳಗು.

ನನಗೆ ಈ ಅವರೆಕಾಳಿನಲ್ಲೇ ವಿಷಯ ತಿಳಿಯಾಯಿತು. ನಾವು ಚೀಯನ್ನು ಪ್ರಾಣದ ಪಕ್ಕ ಇಡುತ್ತೇವೆ. ಆದರೆ ಚೀ ಮಾಡುವ ಕೆಲಸಗಳನ್ನು ಆಯುರ್ವೇದದಲ್ಲಿ ಯಾರು ಮಾಡುತ್ತಾರೆ ಅಂತ ನೋಡಿ. ಅನ್ನವನ್ನು ಕೆಳಗೆ ತಳ್ಳುವುದು, ರಸವನ್ನು ಮೈಯೆಲ್ಲಾ ಹರಡುವುದು, ಮಾತು ಹೊರಡಿಸುವುದು, ಮಲಮೂತ್ರ ಹಿಡಿದಿಡುವುದು, ಬಿಡುವುದು. ಎಲ್ಲವೂ ವಾತದ ಕೆಲಸ. ಪ್ರಾಣ, ಅಪಾನ, ವ್ಯಾನ, ಉದಾನ, ಸಮಾನ ಅಂತ ಅದರದ್ದೇ ಐದು ರೂಪ. ಚರಕ ಸಂಹಿತೆ ವಾಯುವನ್ನು ಈ ದೇಹಯಂತ್ರ ನಡೆಸುವವನು ಅಂತ ಹೊಗಳುತ್ತದೆ. ಪುಸ್ತಕದಲ್ಲಿ ಅಷ್ಟು ಮರ್ಯಾದೆ. ಮನೆಯಲ್ಲಿ? ವಾಯು ಅಂದರೆ ಆಲೂಗಡ್ಡೆ, ಕಡಲೆಬೇಳೆ, ಮಂಡಿನೋವು. ನಮ್ಮಲ್ಲಿ ಯಾರೂ "ನನ್ನ ವಾಯು ಕಮ್ಮಿಯಾಗಿದೆ, ಸ್ವಲ್ಪ ಹೆಚ್ಚಿಸಿಕೊಳ್ಳಬೇಕು" ಅನ್ನುವುದಿಲ್ಲ. ಅದು ಯಾವಾಗಲೂ ಜಾಸ್ತಿಯಾಗುವ, ಕೆರಳುವ, ಹಿಡಿದುಕೊಳ್ಳುವ ವಸ್ತು. ಪ್ರಾಣವನ್ನು ಮಾತ್ರ ಮೇಲೆತ್ತಿ ದೇವರ ಕೋಣೆಯಲ್ಲಿಟ್ಟೆವು. ವಿಗ್ರಹಕ್ಕೆ ಪ್ರಾಣಪ್ರತಿಷ್ಠೆ, ಯೋಗಿಗೆ ಪ್ರಾಣಾಯಾಮ. ಹೀಗೆ ಒಂದೇ ಗಾಳಿಯನ್ನು ನಾವು ಎರಡು ಪಾಲು ಮಾಡಿಕೊಂಡೆವು. ಒಂದಕ್ಕೆ ಪೂಜೆ, ಇನ್ನೊಂದಕ್ಕೆ ಇಂಗು.

ಚೀನೀಯರು ಪಾಲು ಮಾಡಲಿಲ್ಲ. ಚೀ ಒಂದೇ. ಕಮ್ಮಿಯಾದರೆ ಸುಸ್ತು, ನಿಂತರೆ ನೋವು, ಉಲ್ಟಾ ಹೋದರೆ ವಾಂತಿ. ಅದಕ್ಕೆ ಯಾರೂ ಕೈ ಮುಗಿಯುವುದಿಲ್ಲ, ಯಾರೂ ಹೆದರುವುದೂ ಇಲ್ಲ. ಅಡುಗೆಯವಳೂ ಅದರ ಮಾತಾಡುತ್ತಾಳೆ, ಚಿತ್ರಕಾರನೂ ಮಾತಾಡುತ್ತಾನೆ, ಹವಾಮಾನದ ಬಗ್ಗೆಯೂ ಅದೇ ಮಾತು. ನಮ್ಮ ಪಂಡಿತರು ಮೊದಲು ಕೇಳುವುದು ಏನು ಕೆರಳಿದೆ, ಏನನ್ನು ಹೊರಗೆ ಹಾಕಬೇಕು ಅಂತ. ವಾಂತಿ ಮಾಡಿಸು, ಭೇದಿ ಮಾಡಿಸು, ಬಸ್ತಿ (ಎನಿಮಾ) ಕೊಡು. ಸಿನ್‌ಸೆ ಮೊದಲು ಕೇಳುವುದು ಎಲ್ಲಿ ನಿಂತಿದೆ, ಯಾವ ಕಡೆ ಓಡಿಸಬೇಕು ಅಂತ. ನಮ್ಮವರು ಬಲ ಕೊಡುವ ರಸಾಯನ ಕೊಡುವುದೇ ಇಲ್ಲ, ಅವರು ಭೇದಿ ಮಾಡಿಸುವುದೇ ಇಲ್ಲ ಅಂತೇನಲ್ಲ. ಆದರೂ ಒಲವು ಎತ್ತ ಅನ್ನುವುದು ಕಾಣುತ್ತದೆ.

ಸಿಟ್ಟಿನ ವಿಷಯದಲ್ಲೂ ಹಾಗೇ. ನಮ್ಮಲ್ಲಿ ಸಿಟ್ಟು ಬಂದರೆ ಪಿತ್ತ ನೆತ್ತಿಗೇರುತ್ತದೆ. ನೇಜಿಂಗ್‌ನಲ್ಲಿ ಸಿಟ್ಟಿಗೆ ಏರುವುದು ಚೀ. ಹೆದರಿದರೆ ಚೀ ಇಳಿಯುತ್ತದೆ, ದುಃಖಕ್ಕೆ ಕರಗುತ್ತದೆ, ಖುಷಿಗೆ ಸಡಿಲವಾಗುತ್ತದೆ, ಬೆಚ್ಚಿಬಿದ್ದರೆ ಚೆಲ್ಲಾಪಿಲ್ಲಿಯಾಗುತ್ತದೆ, ಯೋಚನೆಗೆ ಗಂಟಾಗುತ್ತದೆ. ಸಾವಿರಾರು ವರ್ಷ ಹಿಂದೆ ಯಾರೋ ಕೂತು ತನ್ನ ಮೈಯಲ್ಲಾಗುವುದನ್ನು ಇಷ್ಟು ಸರಿಯಾಗಿ ಗಮನಿಸಿದ್ದಾರಲ್ಲ ಅನ್ನಿಸುತ್ತದೆ. ಪರೀಕ್ಷೆ ಹಾಲ್ ಮುಂದೆ ನಿಂತ ಮಗುವಿಗೆ ಹೊಟ್ಟೆ ಕೆಳಗೆ ಇಳಿಯುವುದು ಎಲ್ಲರಿಗೂ ಗೊತ್ತಿದ್ದದ್ದೇ ಅಲ್ವಾ.

ಉಸಿರಿನ ಅಭ್ಯಾಸಕ್ಕೆ ಬರೋಣ. ಇಲ್ಲಿ ಬೆಳಿಗ್ಗೆ ಪಾರ್ಕಿಗೆ ಹೋದರೆ ಒಂದು ಮರದ ಕೆಳಗೆ ಚೀಗಾಂಗ್ ಗುಂಪು, ಇನ್ನೊಂದು ಕಡೆ ನಮ್ಮವರ ಪ್ರಾಣಾಯಾಮ. ಎರಡರಲ್ಲೂ ನಿಂತು ನೋಡಿದ್ದೇನೆ. ನಮ್ಮಲ್ಲಿ ಉಸಿರು ಹಿಡಿಯುವುದು ದೊಡ್ಡ ಸಾಧನೆ. ಕುಂಭಕ ಎಷ್ಟು ಹೊತ್ತು ಅನ್ನುವುದರ ಮೇಲೆ ಮರ್ಯಾದೆ. ನಾನು ನೋಡಿದ ಚೀಗಾಂಗ್ ಕಲಿಸುವ ಅಂಕಲ್ ಹೇಳುವುದು "ಹಿಡಿಯಬೇಡ, ತಾನಾಗಿ ಬರಲಿ, ಹೊಕ್ಕುಳ ಕೆಳಗೆ ಇಳಿಯಲಿ" ಅಂತ. ದಿಕ್ಕೂ ಬೇರೆ. ನಮ್ಮ ಹಠಯೋಗಿ ಪ್ರಾಣವನ್ನು ಬೆನ್ನುಹುರಿಯ ಬುಡದಿಂದ ಎತ್ತಿ ನೆತ್ತಿಗೆ ಮುಟ್ಟಿಸುತ್ತಾನೆ. ಅಲ್ಲಿಂದ ವಾಪಸು ಬರುವ ಯೋಚನೆ ಜಾಸ್ತಿ ಇದ್ದ ಹಾಗಿಲ್ಲ. ಅವರು ಬೆನ್ನಲ್ಲಿ ಹತ್ತಿಸಿ, ತಲೆ ದಾಟಿಸಿ, ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ, ಎದೆಯ ಮೇಲೆ ಇಳಿಸಿ, ಮತ್ತೆ ಹೊಟ್ಟೆಗೇ ತಂದು ಇಡುತ್ತಾರೆ. ನಮ್ಮವರಿಗೆ ಬಿಡುಗಡೆ ಬೇಕು, ಅವರಿಗೆ ಆಯಸ್ಸು ಬೇಕು. ನಲವತ್ತು ದಾಟಿದ ಮೇಲೆ ನನಗೆ ಎರಡನೆಯದರ ಮೇಲೆ ಸ್ವಲ್ಪ ಆಸೆ ಹೆಚ್ಚಾಗಿದೆ.

ಇವೆಲ್ಲ ಐದು ಸಾವಿರ ವರ್ಷ ಹಳೆಯವು ಅನ್ನುವ ಮಾತನ್ನು ಮಾತ್ರ ಎರಡೂ ಗುಂಪು ಬಿಡಬೇಕು. ಪಾರ್ಕಿನಲ್ಲಿ ಜಾಸ್ತಿ ಕಾಣುವ 24 ಭಂಗಿಯ ನಿಧಾನ ವ್ಯಾಯಾಮ ತಾಯ್ ಚೀಯನ್ನು ಚೀನಾದ ಕ್ರೀಡಾ ಆಯೋಗ 1956ರಲ್ಲಿ ಕೂತು ಹೊಂದಿಸಿದ್ದು. ಚೀಗಾಂಗ್ ಅನ್ನುವ ಹೆಸರು ಈ ಅರ್ಥದಲ್ಲಿ ಗಟ್ಟಿಯಾದದ್ದೂ 1950ರ ದಶಕದಲ್ಲೇ, ಸರ್ಕಾರಿ ಆರೋಗ್ಯಧಾಮಗಳಲ್ಲಿ. ನಮ್ಮ ಕಡೆ, ಇವತ್ತು ಜಗತ್ತೆಲ್ಲ ಮಾಡುವ ಆಸನಗಳ ಬಹುಪಾಲಿಗೆ ರೂಪ ಸಿಕ್ಕಿದ್ದು ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಕೃಷ್ಣಮಾಚಾರ್ಯರು ಅಲ್ಲಿ ಯೋಗಶಾಲೆ ನಡೆಸಿದರು. ಅವರ ಶಿಷ್ಯ, ಕೋಲಾರದ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ 2011ರಲ್ಲಿ, 92ರ ವಯಸ್ಸಿನಲ್ಲಿ, ಚೀನಾದ ಗುವಾಂಗ್‌ಝೌಗೆ ಹೋಗಿ ನೂರಾರು ಚೀನೀಯರಿಗೆ ಪಾಠ ಹೇಳಿ ಬಂದರು. ಹೊಸದು ಅಂದ ಮಾತ್ರಕ್ಕೆ ಕೀಳಲ್ಲ. ನನಗಂತೂ ಇದು ಹೆಮ್ಮೆಯ ವಿಷಯ.

ಊಟದಲ್ಲಿ ಇನ್ನೂ ತಮಾಷೆ. ಮಳೆಗಾಲದಲ್ಲಿ ನೆಗಡಿ ಆದರೆ ನಮ್ಮೂರಲ್ಲಿ ಗದ್ದೆ ಏಡಿ ಹಿಡಿದು, ಜಜ್ಜಿ, ಮೆಣಸು ಹಾಕಿ ಸಾರು ಮಾಡುತ್ತಾರೆ. ಏಡಿ ಉಷ್ಣ, ಎದೆ ಕಟ್ಟಿದ್ದೆಲ್ಲ ಇಳಿಯುತ್ತೆ ಅನ್ನುವುದು ಲೆಕ್ಕ. ಚೀನೀಯರಿಗೆ ಏಡಿ ಅಂದರೆ ಬಹಳ ತಂಪು. ನೆಗಡಿ ಆದವನಿಗೆ ಕೊಡಲೇಬಾರದು. ಗಟ್ಟಿಮುಟ್ಟಾದವನೂ ಶುಂಠಿ, ವಿನೆಗರ್ ಇಟ್ಟುಕೊಂಡೇ ತಿನ್ನಬೇಕು. ಎಳನೀರು, ಸೌತೆಕಾಯಿ, ಕಲ್ಲಂಗಡಿ ತಂಪು ಅನ್ನುವುದರಲ್ಲಿ ಜಗಳವಿಲ್ಲ. ಶುಂಠಿ ಇಬ್ಬರಿಗೂ ಬಿಸಿ.

ಬಾಣಂತನ ನೋಡಿದರೆ ಇಬ್ಬರೂ ಅಕ್ಕತಂಗಿಯರ ಮಕ್ಕಳು ಅನ್ನಿಸುತ್ತದೆ. ಗಾಳಿ ತಾಗಬಾರದು, ತಲೆಗೆ ಬಟ್ಟೆ ಕಟ್ಟಬೇಕು, ತಣ್ಣೀರು ಮುಟ್ಟಬಾರದು. ಗಾಳಿಯೇ ನೂರು ರೋಗಕ್ಕೆ ಯಜಮಾನ ಅನ್ನುವುದು ನೇಜಿಂಗ್‌ನ ಮಾತು. ನಮ್ಮ ಕಡೆ ಓಮ, ಬೆಳ್ಳುಳ್ಳಿ, ಒಣಶುಂಠಿ, ಅಂಟಿನುಂಡೆ. ಇಲ್ಲಿ ಎಳ್ಳೆಣ್ಣೆಯಲ್ಲಿ ಹುರಿದ ಶುಂಠಿ, ಅಕ್ಕಿ ಹೆಂಡ ಹಾಕಿದ ಕೋಳಿ, ಕಪ್ಪು ವಿನೆಗರ್‌ನಲ್ಲಿ ಬೆಂದ ಹಂದಿ ಕಾಲು. ಸ್ನಾನದ ಹತ್ತಿರ ಬಂದಾಗ ಮಾತ್ರ ದಾರಿ ಕವಲೊಡೆಯುತ್ತದೆ. ನಮ್ಮ ಬಾಣಂತಿಗೆ ಎಣ್ಣೆ ಹಚ್ಚಿ, ಹಂಡೆಗಟ್ಟಲೆ ಸುಡುನೀರು ಹುಯ್ದು, ಸಾಂಬ್ರಾಣಿ ಹೊಗೆ ಕೊಡಬೇಕು. ಅವರ ಹಳೆ ಕ್ರಮದಲ್ಲಿ ಒಂದು ತಿಂಗಳು ತಲೆಗೆ ನೀರೇ ಸೋಕಬಾರದು. ಇಲ್ಲಿ ನಮ್ಮ ಪರಿಚಯದ ಒಂದು ಮನೆಯಲ್ಲಿ ಮಲೇಷ್ಯಾದಿಂದ ಬಂದ ಚೀನೀ ಬಾಣಂತನದ ಆಂಟಿಗೂ, ಹುಡುಗಿಯ ಅಮ್ಮನಿಗೂ ಅಡುಗೆಯಲ್ಲಿ ಒಳ್ಳೆ ದೋಸ್ತಿ, ಬಚ್ಚಲಮನೆ ಬಾಗಿಲಲ್ಲಿ ಯುದ್ಧ. ಭಾಷೆ ಬರದಿದ್ದರೂ ಇಬ್ಬರೂ ಸೋಲಲಿಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ನೇರ ಪ್ರಶ್ನೆ: ಚೀ ಇದೆಯಾ? ಒಂದು ವಸ್ತುವಾಗಿ, ಅಳೆಯಬಹುದಾದ ಶಕ್ತಿಯಾಗಿ, ಇಲ್ಲ ಅನ್ನುವುದೇ ನನ್ನ ಉತ್ತರ. ಶವ ಕೊಯ್ದು ನೋಡಿದವರಿಗೆ ಆ 14 ದಾರಿಗಳು ಸಿಕ್ಕಿಲ್ಲ. ಯಾವ ಯಂತ್ರವೂ ಅದನ್ನು ತೋರಿಸಿಲ್ಲ. ಚೀನೀಯರೆಲ್ಲ ಕಣ್ಣು ಮುಚ್ಚಿ ನಂಬಿದ್ದಾರೆ ಅಂತಲೂ ಅಂದುಕೊಳ್ಳಬೇಡಿ. 1822ರಲ್ಲಿ ಅವರ ಚಕ್ರವರ್ತಿಯೇ ಅರಮನೆಯ ವೈದ್ಯಶಾಲೆಯಿಂದ ಸೂಜಿ ಚಿಕಿತ್ಸೆಯನ್ನು ಹೊರಗೆ ಹಾಕಿದ. 1929ರಲ್ಲಿ ಅವರದೇ ಸರ್ಕಾರ ಹಳೆ ವೈದ್ಯವನ್ನು ಪೂರ್ತಿ ನಿಲ್ಲಿಸಲು ಹೊರಟಿತ್ತು. ವೈದ್ಯರೆಲ್ಲ ಶಾಂಘೈನಲ್ಲಿ ಸೇರಿ ಗಲಾಟೆ ಮಾಡಿ ಉಳಿಸಿಕೊಂಡರು.

ಸೂಜಿಯ ಬಗ್ಗೆ ಜರ್ಮನಿಯಲ್ಲಿ ಒಂದು ದೊಡ್ಡ ಪರೀಕ್ಷೆ ನಡೆಯಿತು. ಫಲಿತಾಂಶ ಬಂದದ್ದು 2007ರಲ್ಲಿ. ಬೆನ್ನುನೋವಿನ 1,162 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಚೀನೀ ಬಿಂದುಗಳ ಮೇಲೆ ಸೂಜಿ, ಇನ್ನೊಂದಕ್ಕೆ ಬಿಂದುವಲ್ಲದ ಕಡೆ ಮೇಲೆ ಮೇಲೆ ಸುಮ್ನೆ ಚುಚ್ಚುವ ಸೂಜಿ, ಮೂರನೆಯದಕ್ಕೆ ಮಾಮೂಲು ಮಾತ್ರೆ, ವ್ಯಾಯಾಮ. ಆರು ತಿಂಗಳ ಮೇಲೆ ಗುಣ ಕಂಡವರು ಮೊದಲ ಗುಂಪಿನಲ್ಲಿ ಶೇ. 47.6, ಎರಡನೆಯದರಲ್ಲಿ ಶೇ. 44.2, ಮೂರನೆಯದರಲ್ಲಿ ಶೇ. 27.4. ಇದನ್ನು ಇಬ್ಬರೂ ತಮಗೆ ಬೇಕಾದ ಹಾಗೆ ಓದಿಕೊಂಡರು. ಸೂಜಿ ಮಾತ್ರೆಗಿಂತ ಮೇಲು ಅಂತ ಒಬ್ಬರು, ಎಲ್ಲಿ ಚುಚ್ಚಿದರೂ ಒಂದೇ ಅಂತ ಇನ್ನೊಬ್ಬರು. ನನಗೆ ಕಾಣುವುದು ಇಷ್ಟು: ಚಿಕಿತ್ಸೆಯಲ್ಲಿ ಏನೋ ಇದೆ. ಆದರೆ ಆ ಬಿಂದುಗಳ ನಕ್ಷೆಯಲ್ಲಿ ಏನೂ ಇರುವ ಹಾಗೆ ಕಾಣುವುದಿಲ್ಲ. ಮುಟ್ಟಿ, ಮಲಗಿಸಿ, ಅರ್ಧ ಗಂಟೆ ನಿಗಾ ಇಟ್ಟರೆ ನೋವು ಇಳಿಯುವುದೂ ಒಂದು ದೊಡ್ಡ ಸಂಗತಿಯೇ.

ಗಿಡಮೂಲಿಕೆಯ ಕಥೆ ಇನ್ನೊಂದು. 2015ರಲ್ಲಿ ನೊಬೆಲ್ ಪಡೆದ ತೂ ಯೂಯೂ ಮಲೇರಿಯಾಕ್ಕೆ ಮದ್ದು ಹುಡುಕುವಾಗ 4ನೇ ಶತಮಾನದ ಗೆ ಹಾಂಗ್‌ನ ಪುಸ್ತಕದಲ್ಲಿ ಒಂದು ಸಾಲು ನೋಡಿದರು. ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ಹಾಗೇ ಕುಡಿಯಬೇಕು ಅಂತ ಅಲ್ಲಿತ್ತು. ಕುದಿಸು ಅಂತ ಇರಲಿಲ್ಲ. ಬಿಸಿಗೆ ಸತ್ವ ಹಾಳಾಗುತ್ತಿರಬಹುದು ಅಂತ ಅವರಿಗೆ ಹೊಳೆಯಿತು. ಕಮ್ಮಿ ಬಿಸಿಗೇ ಆವಿಯಾಗುವ ಈಥರ್‌ನಲ್ಲಿ ಸಾರ ತೆಗೆದರು. ಆರ್ಟೆಮಿಸಿನಿನ್ ಸಿಕ್ಕಿತು, ಲಕ್ಷಾಂತರ ಜನ ಬದುಕಿದರು. ಅಲ್ಲಿ ಕೆಲಸ ಮಾಡಿದ್ದು ಹಳೆ ವೈದ್ಯರ ಕಣ್ಣು, ಹೊಸಬರ ಪರೀಕ್ಷೆ. ಚೀ ಬೇಕಾಗಲಿಲ್ಲ. ಉಲ್ಟಾ ಕಥೆಯೂ ಇದೆ. 1990ರ ದಶಕದ ಶುರುವಿನಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮದ್ದಿನಲ್ಲಿ ಒಂದು ಚೀನೀ ಬೇರಿನ ಬದಲು ಇನ್ನೊಂದು ಸೇರಿ ನೂರಕ್ಕೂ ಹೆಚ್ಚು ಜನರ ಮೂತ್ರಪಿಂಡ ಹಾಳಾಯಿತು. ನಮ್ಮವರು ನಗಬೇಕಾಗಿಲ್ಲ. 2004ರಲ್ಲಿ ಬಂದ ಒಂದು ವರದಿಯ ಪ್ರಕಾರ, ಬೋಸ್ಟನ್ ಸುತ್ತಮುತ್ತ ದಕ್ಷಿಣ ಏಷ್ಯಾದವರ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಮದ್ದುಗಳಲ್ಲಿ 14ರಲ್ಲಿ ಸೀಸ, ಪಾದರಸ ಇಲ್ಲವೇ ಆರ್ಸೆನಿಕ್ ಸಿಕ್ಕಿತ್ತು.

ಹಾಗಾದರೆ ಚೀಯನ್ನು ಬಿಸಾಡಬೇಕಾ? ಬೇಡ ಅನ್ನಿಸುತ್ತದೆ. ರಕ್ತ ಪರೀಕ್ಷೆ ಸರಿಯಾಗಿದ್ದು ಮೈ ಮಾತ್ರ ಸರಿಯಿಲ್ಲದಿದ್ದಾಗ ಡಾಕ್ಟರ ಹತ್ತಿರ ಅದಕ್ಕೆ ಮಾತೇ ಇರುವುದಿಲ್ಲ. ಸಿನ್‌ಸೆ ಹತ್ತಿರ ಮಾತಿದೆ. ಅದು ವಿವರಣೆ ಅಲ್ಲ, ವರ್ಣನೆ. ಅಷ್ಟು ಗೊತ್ತಿದ್ದರೆ ತೊಂದರೆಯಿಲ್ಲ. ನನಗೆ ಸಿಟ್ಟು ಬರುವುದು ಅದನ್ನು ಯಂತ್ರಕ್ಕೆ ಕಟ್ಟುವವರ ಮೇಲೆ. ಪಾದ ಇಟ್ಟರೆ ಪರದೆ ಮೇಲೆ ಚೀ ತೋರಿಸುತ್ತೇವೆ ಅನ್ನುವವರು, ಪ್ರಾಣಶಕ್ತಿ ತುಂಬಿದ ಬಳೆ ಮಾರುವವರು. ಈ ವ್ಯಾಪಾರದಲ್ಲಿ ಮಾತ್ರ ಚೀನಾ, ಭಾರತ ಪೂರ್ತಿ ಒಂದಾಗಿವೆ.

ಸಿಂಗಪುರ ಇಲ್ಲಿ ಒಂದು ಒಳ್ಳೆ ಕೆಲಸ ಮಾಡಿದೆ. ಚೀ ಇದೆಯೋ ಇಲ್ಲವೋ ಅನ್ನುವ ಗೊಡವೆಗೆ ಹೋಗದೆ, ವೈದ್ಯ ಮಾಡುವವರ ಮೇಲೆ ಕಣ್ಣಿಟ್ಟಿತು. 2000ದಲ್ಲಿ ಕಾನೂನು ಬಂತು. ಸೂಜಿ ಚುಚ್ಚುವವರೂ ಔಷಧಿ ಬರೆಯುವವರೂ ಓದಿ, ಪರೀಕ್ಷೆ ಪಾಸು ಮಾಡಿ, ಹೆಸರು ನೋಂದಾಯಿಸಿಕೊಳ್ಳಬೇಕು. 2005ರಲ್ಲಿ ಇಲ್ಲಿನ ನಾನ್ಯಾಂಗ್ ವಿಶ್ವವಿದ್ಯಾಲಯ ಜೀವವಿಜ್ಞಾನ ಮತ್ತು ಚೀನೀ ವೈದ್ಯ ಎರಡನ್ನೂ ಒಟ್ಟಿಗೆ ಕಲಿಸುವ ಪದವಿ ಶುರು ಮಾಡಿತು. ಬೀಜಿಂಗ್‌ಗೆ ಹೋಗಿ ಓದುವುದೂ ಅದರ ಭಾಗವಾಗಿತ್ತು. ಭಾರತದಲ್ಲಿ ಸೂಜಿ ಚಿಕಿತ್ಸೆಯ ಬೇರು ಬೇರೆ ದಾರಿಯಲ್ಲಿ ಬಂತು. 1938ರಲ್ಲಿ ಡಾಕ್ಟರ್ ಕೋಟ್ನಿಸ್ ಸೇರಿದಂತೆ ಚೀನಾಕ್ಕೆ ಹೋದ ಐವರು ಭಾರತೀಯ ಡಾಕ್ಟರುಗಳಲ್ಲಿ ಒಬ್ಬರಾದ ಬಿಜಯ್ ಕುಮಾರ್ ಬಸು, 1950ರ ದಶಕದ ಕೊನೆಗೆ ಅದನ್ನು ಕಲಿತು ಕಲ್ಕತ್ತೆಗೆ ತಂದರು. ಕೇಂದ್ರ ಸರ್ಕಾರ ಅದನ್ನು ಒಂದು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದ್ದು 2019ರಲ್ಲಿ.

ಅವರೆಕಾಳಿನ ಪುಡಿ ಕುಡಿದೆನಾ ಅಂತ ಕೇಳಬಹುದು. ಕುಡಿದೆ. ಉಬ್ಬರ ಇಳಿಯಿತು. ಅದೇ ಹೊತ್ತಿಗೆ ಐಸ್ ಹಾಕಿದ ಕಾಫಿ ಬಿಟ್ಟಿದ್ದೆ, ಮಧ್ಯಾಹ್ನದ ಊಟ ಆಫೀಸಿನ ಮೇಜಿನ ಮುಂದೆ ಮಾಡುವುದನ್ನೂ ನಿಲ್ಲಿಸಿದ್ದೆ. ಅವೂ ಸಿನ್‌ಸೆ ಹೇಳಿದ್ದೇ. ಯಾವುದರಿಂದ ಇಳಿಯಿತೋ. ಆಮೇಲೊಮ್ಮೆ ಬೆನ್ನು ಹಿಡಿದುಕೊಂಡಾಗ ಸೂಜಿಗೂ ಹೋದೆ. ಮತ್ತೊಮ್ಮೆ ಮೂರು ವಾರದ ಕೆಮ್ಮು ಹಿಡಿದುಕೊಂಡು ಹೋದಾಗ ಆತ ನಾಡಿ ನೋಡಿ, ನಾಲಿಗೆ ನೋಡಿ, ಪುಡಿ ಕೊಡಲೇ ಇಲ್ಲ. "ಮೊದಲು ಪಾಲಿಕ್ಲಿನಿಕ್‌ಗೆ ಹೋಗಿ ಎದೆಯ ಎಕ್ಸ್-ರೇ ತೆಗೆಸು, ಅದರಲ್ಲಿ ಏನೂ ಇಲ್ಲ ಅಂದರೆ ಬಾ" ಅಂದರು. ಫೀಸು ಕೂಡ ತಗೊಳ್ಳಲಿಲ್ಲ. ಬೆನ್ನು ಮತ್ತೆ ಹಿಡಿದುಕೊಂಡರೆ ಅಲ್ಲಿಗೇ ಹೋಗುತ್ತೇನೆ.